ಪಾಸಿಟಿವ್ ಎಂದರೆ

ಆರ್.ಎಚ್. ಕ್ಯಾಂಪಿನಲ್ಲಿ ಟೀಚರ್ ಎಂದರೆ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುವವಳು ಎಂದೂ ಅರ್ಥ. ಬ್ಯಾಂಕಿನ ನೋಟೀಸು, ಮಗನ ಕೆಲಸದ ಆರ್ಡರು, ಈಚೀಚೆಗೆ ಲ್ಯಾಬಿನ ರಿಪೋರ್ಟು. ಪೂರ್ವ ಪಾಕಿಸ್ತಾನದಿಂದ ಬಂದು ಇಲ್ಲಿ ನೆಲೆನಿಂತ ಬಂಗಾಳಿ ಮನೆತನವೊಂದರ ಹೆಣ್ಣುಮಗಳು ತನ್ನ ಎದೆಯ ಗಂಟಿನ ರಿಪೋರ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಕೊನೆಯಲ್ಲಿ ಮೂರು ಸಾಲು: ಇ.ಆರ್. ನೆಗೆಟಿವ್, ಪಿ.ಆರ್. ನೆಗೆಟಿವ್, ಹರ್-2 ಪಾಸಿಟಿವ್, 3+.

"ಅಕ್ಕೋರೆ, ಎರಡು ನೆಗೆಟಿವ್ ಅಂತ ಬಂದಾವು. ಚಲೋ ಅಲ್ಲೇನ್ರಿ?"

ನೆಗೆಟಿವ್ ಎಂದರೆ ಪಾರಾದಂತೆ ಎಂದು ಕೊರೊನಾ ಎಲ್ಲರಿಗೂ ಕಲಿಸಿಬಿಟ್ಟಿದೆ. ಇಲ್ಲಿನ ಲೆಕ್ಕವೇ ಬೇರೆ. ಇ.ಆರ್., ಪಿ.ಆರ್. ಎಂಬವು ಹೆಣ್ಣಿನ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳು. ಅವು ಇದ್ದರೆ ಟಾಮಾಕ್ಸಿಫೆನ್‌ನಂಥ ಮಾತ್ರೆ ಕೆಲಸಕ್ಕೆ ಬರುತ್ತದೆ. ಇವಳಿಗೆ ಆ ದಾರಿ ಇಲ್ಲ. ಹರ್-2 ಇರುವುದು ಜೀವಕೋಶದ ಹೊರಮೈಯಲ್ಲಿ. ಎಡದಂಡೆ ಕಾಲುವೆಯ ನೀರು ಕಂಡ ನಮ್ಮವರಿಗೆ ತೂಬು ಎಂದರೆ ತಿಳಿದೀತು. 'ಬೆಳೆ' ಎಂಬ ಸೂಚನೆ ಒಳಗೆ ಹೋಗುವ ತೂಬು ಅದು. ಆರೋಗ್ಯದ ಕೋಶದಲ್ಲೂ ಕೆಲವು ಇರುತ್ತವೆ. ಈ ಗಂಟಿನಲ್ಲಿ ವಿಪರೀತ ಹೆಚ್ಚಿ, ಕೋಶಗಳು ಎಗ್ಗಿಲ್ಲದೆ ಒಡೆದು ಬೆಳೆಯುತ್ತವೆ.

ಅಮೆರಿಕದ ಡೆನ್ನಿಸ್ ಸ್ಲಾಮನ್ ಮತ್ತು ಜೊತೆಗಾರರು 1987ರಲ್ಲಿ, ಹರ್-2 ವಂಶವಾಹಿ ಹೆಚ್ಚಿದ ಹೆಂಗಸರಲ್ಲಿ ರೋಗ ಬೇಗ ಮರುಕಳಿಸುತ್ತದೆ, ಆಯುಷ್ಯವೂ ಕಡಿಮೆ ಎಂದು ತೋರಿಸಿದರು. ಆಗ ಈ ಸಾಲು ಬರಿಯ ಕೆಟ್ಟ ಸುದ್ದಿ. 1998ರಲ್ಲಿ ಆ ತೂಬನ್ನೇ ಹುಡುಕಿ ಹಿಡಿಯುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದಕ್ಕೆ ಸರಿಸಮಾನವಾದದ್ದನ್ನು ಮಾರುಕಟ್ಟೆಗೆ ತಂದಿತು. ಬೆಲೆ ಇಳಿಯಿತು, ಕೂಲಿಯವರ ಕೈಗೆಟುಕುವಷ್ಟೇನೂ ಅಲ್ಲ. ಗಂಟು ಎಷ್ಟು ದೊಡ್ಡದು, ಕಂಕುಳಿಗೆ ಹರಡಿದೆಯೇ ಎಂಬುದೂ ಮುಂದಿನ ದಿನಗಳನ್ನು ನಿರ್ಧರಿಸುತ್ತದೆ. ಅದನ್ನು ಹೇಳಬೇಕಾದವರು ಡಾಕ್ಟರರು.

"ನೋಡವಾ, ಇದು ಜೋರಿನ ಜಾತಿ. ಆದರ ಇದಕ್ಕಂತನ ಒಂದು ಔಷಧ ಐತಿ" ಎಂದೆ. ಡಾಕ್ಟರರನ್ನು ಕೇಳಲೆಂದು ಚೀಟಿಯ ಮೇಲೆ ಬರೆದುಕೊಟ್ಟೆ: ಆ ಔಷಧ ನನಗೆ ಕೊಡುತ್ತೀರಾ? ಎಷ್ಟು ತಿಂಗಳು? ಸರಕಾರದ ಕಾರ್ಡಿನಲ್ಲಿ ಬರುತ್ತದೆಯೇ? ಹೃದಯದ ಪರೀಕ್ಷೆ ಯಾವಾಗ? ಈ ಔಷಧ ಕೆಲವರ ಹೃದಯವನ್ನು ದುರ್ಬಲಗೊಳಿಸುವುದುಂಟು.

ಅವಳು ಚೀಟಿ ಮಡಚಲಿಲ್ಲ. "ಇನ್ನೊಂದು ಬರೀರಿ ಅಕ್ಕೋರೆ. ನಾಟಿ ಹಚ್ಚೋ ಹೊತ್ತಿಗೆ ಗದ್ದಿಗಿ ಇಳೀಬಹುದಾ ಅಂತ."