ಹರಳಿನ ಹುಟ್ಟು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಪೋತ್ನಾಳದ ಸೀಮೆಯಲ್ಲಿ, ರಸಾಯನಶಾಸ್ತ್ರದ ಚರ್ಚೆ ಜಗಲಿಯ ಮೇಲೆ ನಡೆಯುವುದು ಅಪೂರ್ವವೇ ಸರಿ. ಆದರೆ ಅಲ್ಲಿಯ ಒಂದು ಮನೆಯಲ್ಲಿ ಒಂದು ಸಂಜೆ ಅಂತಹ ಚರ್ಚೆಯೇ ನಡೆಯಿತು. ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ನಾಲ್ಕು ವರ್ಷಗಳಿಂದ ವ್ಯಾಸಂಗಮಾಡುತ್ತಿದ್ದ ಮೊಮ್ಮಗಳು ರಜೆಗೆಂದು ಬಂದವಳು, ಮರಳಿ ಹೋಗುವ ಮಾತೆತ್ತದೆ ಕುಳಿತಿದ್ದಳು. ಮಾನ್ವಿಯಲ್ಲಿ ಯಾವುದಾದರೊಂದು ಶಾಲೆಯಲ್ಲಿ ಪಾಠ ಹೇಳಿಕೊಂಡಿರುವೆನೆಂದು ತಾಯಿಯೊಡನೆ ಹೇಳಿದ್ದಳಂತೆ.

“ಏನಾತವ್ವಾ?” ಎಂದು ತಾತ ಕೇಳಿದರು.

“ಮೂರು ತಿಂಗಳಾತು, ಹರಳು ಹುಟ್ಟವಲ್ಲವು, ತಾತಾ. ನನ್ನ ಕೈಯಾಗೇ ದೋಷ ಅದ ಅಂತಾರ.”

ಆ ಹರಳುಗಳೆಂದರೆ ಕಲ್ಲುಸಕ್ಕರೆಯಂತೆ ಕಣ್ಣಿಗೆ ಬೀಳತಕ್ಕವುಗಳಲ್ಲ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಕ್ಯಾಡ್ಮಿಯಮ್ ಸೆಲೆನೈಡ್ ಎಂಬ ಅರೆವಾಹಕದ ಹರಳು ಸುಮಾರು ಎರಡು ನ್ಯಾನೋಮೀಟರ್ ಇದ್ದರೆ ನೀಲಿಯ ಕಡೆಗೂ, ಆರರಷ್ಟು ಬೆಳೆದರೆ ಕೆಂಪಾಗಿಯೂ ಬೆಳಕು ಚೆಲ್ಲುವುದು. ದ್ರವ್ಯವೊಂದೇ, ಪರಿಮಾಣಭೇದದಿಂದ ವರ್ಣಭೇದ! ಗುಣವು ದ್ರವ್ಯದ ಜಾತಿಯನ್ನನುಸರಿಸುವುದೆಂದು ಓದಿಕೊಂಡವರಿಗೆ ಇದು ಜೀರ್ಣವಾಗುವುದು ಸ್ವಲ್ಪ ಕಷ್ಟ. ಈ ವಿದ್ಯೆಗಾಗಿಯೇ ಎಕಿಮೋವ್, ಬ್ರೂಸ್, ಬಾವೆಂಡಿ ಎಂಬ ಮೂವರಿಗೆ 2023ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕುದಿಯುವಷ್ಟು ಕಾದ ದ್ರಾವಕಕ್ಕೆ, ಸುಮಾರು 300 ಅಂಶ ಉಷ್ಣತೆಯಲ್ಲಿ, ಪೂರ್ವದ್ರವ್ಯಗಳನ್ನು ಒಮ್ಮೆಗೇ ಹೊಯ್ದು ಸಮನಾದ ಹರಳುಗಳನ್ನು ಪಡೆಯುವ ಕ್ರಮವನ್ನು ಬಾವೆಂಡಿ ಮತ್ತವರ ಶಿಷ್ಯರು 1993ರಲ್ಲಿ ಪ್ರಕಟಿಸಿದ್ದರು.

ತಾತನವರು ಪಾಠಶಾಲೆಯಲ್ಲಿ ತರ್ಕ ಓದಿದವರು, ರಸಾಯನವನ್ನರಿಯರು. ಆದರೆ ಪಾಕವನ್ನು ಬಲ್ಲರು. ಸಕ್ಕರೆಯ ಪಾಕವನ್ನು ಕದಡಿ ಅವಸರಪಡಿಸಿದರೆ ಪುಡಿಹರಳಾಗುವುದು, ಕದಲಿಸದೆ ದಾರವಿಳಿಬಿಟ್ಟು ಕಾದರೆ ದಪ್ಪಹರಳಾಗುವುದು ಎಂದರು. ಹುಡುಗಿ ಮೊದಲಬಾರಿಗೆ ನಕ್ಕು, ಅದು ಅರ್ಧ ಮಾತ್ರ ಸರಿಯೆಂದಳು. ಸಕ್ಕರೆ ಪಾಕದಲ್ಲಿ ಸಿದ್ಧವಾಗಿಯೇ ಇರುವುದು. ಇಲ್ಲಿಯಾದರೋ ಹರಳಾಗಬೇಕಾದ ಅಂಶವೇ ಪೂರ್ವದ್ರವ್ಯ ಒಡೆದು ಹುಟ್ಟಬೇಕು. ಆದುದರಿಂದ ಪೂರ್ವದ್ರವ್ಯದ ಚುರುಕುತನವೇ ಕಾಲುವೆಯ ತೂಬು. ತೂಬು ಹೆಚ್ಚು ತೆರೆದರೆ ಅಂಶ ಬೇಗ ತುಂಬಿ, ಇರುವ ಬೀಜಗಳು ಅದನ್ನು ಹೀರಿ ಮುಗಿಸುವುದರೊಳಗಾಗಿ ಮತ್ತಷ್ಟು ಬೀಜಗಳು ಹುಟ್ಟುವುವು. ಇದ್ದಷ್ಟು ಅಂಶ ಹಲವರಿಗೆ ಹಂಚಿಹೋಗಿ ಹರಳುಗಳು ಸಣ್ಣವಾಗುವುವು. ಕಡಿಮೆ ತೆರೆದರೆ ಬೀಜ ಕೆಲವೇ; ಅವು ಪುಷ್ಟವಾಗಿ ಬೆಳೆಯುವುವು. ತೀರ ಮುಚ್ಚಿದರೆ ಅಂಶ ಬೀಜ ಕಟ್ಟುವಷ್ಟು ಸೇರುವುದೇ ಇಲ್ಲ. 2015ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಓವೆನ್ ಮತ್ತು ಸಂಗಡಿಗರು ಥಯೋಯೂರಿಯಾ ಜಾತಿಯ ಪೂರ್ವದ್ರವ್ಯಗಳನ್ನು ಚುರುಕಿನ ತಾರತಮ್ಯದಂತೆ ಸಾಲಾಗಿ ಸಿದ್ಧಪಡಿಸಿ, ಬೇಕಾದ ಗಾತ್ರಕ್ಕೆ ತಕ್ಕುದನ್ನು ಆರಿಸಿಕೊಳ್ಳಬಹುದೆಂದು ತೋರಿಸಿದರು.

“ಎಲ್ಲಾ ಗೊತ್ತದಲ್ಲವ್ವಾ. ಮೊದಲು ಹುಟ್ಟುತ್ತಿದ್ದವು, ಈಗ ಇಲ್ಲ. ನಡುವೆ ಬದಲಾದದ್ದೇನು?”

ಏನೂ ಇಲ್ಲವೆಂದಳು. ತಾತ ಬಿಡಲಿಲ್ಲ. ಅನ್ವಯವೂ ವ್ಯತಿರೇಕವೂ ಕೂಡದೆ ಕಾರಣದ ನಿಶ್ಚಯವಿಲ್ಲವೆಂಬುದು ಅವರ ಹಠ. ಉಷ್ಣತೆ? ಅದೇ. ತೂಕ? ಅದೇ. ಪಾತ್ರೆ? ಅದೇ. ಸೀಸೆಗಳು? ಅಲ್ಲಿ ಅವಳು ತಡೆದಳು. ಸೆಲೆನಿಯಮ್ಮನ್ನು ಕರಗಿಸುವ ಟ್ರೈಆಕ್ಟೈಲ್ ಫಾಸ್ಫೀನ್ ಮುಗಿದು, ಹೊಸ ಸೀಸೆ ಬಂದಿತ್ತು. ಹಳೆಯದು ಶೇಕಡಾ 90 ಶುದ್ಧ, ಹೊಸದು 97. ಉತ್ತಮವಾದುದು ಬಂದಿತೆಂದು ಎಲ್ಲರೂ ಸಂತೋಷಪಟ್ಟಿದ್ದರು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. 2010ರಲ್ಲಿ ರಾಚೆಸ್ಟರಿನ ವಿಶ್ವವಿದ್ಯಾಲಯದಿಂದ ಬಂದ ಲೇಖನವನ್ನು ಅವಳು ಓದಿರಲಿಲ್ಲವೆಂದಲ್ಲ. ಅದರಲ್ಲಿ ಕ್ರೌಸ್ ಮತ್ತವರ ಸಹೋದ್ಯೋಗಿಗಳು ಹೇಳಿದ್ದು ಇದೇ: ಶುದ್ಧವಾದ ಆ ಫಾಸ್ಫೀನಿನ ಸೆಲೆನೈಡು ಬಲು ಜಡವಾದುದು, ಬೀಜ ಹುಟ್ಟಿಸುತ್ತಿದ್ದುದು ಅದರೊಳಗೆ ಕಲ್ಮಷವಾಗಿ ಅಡಗಿದ್ದ ದ್ವಿತೀಯ ಜಾತಿಯ ಫಾಸ್ಫೀನು. ಕೊಳೆಯೆಂದು ಎಲ್ಲರೂ ತಿಳಿದುದೇ ಕೆಲಸಮಾಡುತ್ತಿತ್ತು! ಓದಿದ ಮಾತು ತನ್ನ ಸೀಸೆಯ ಮಾತೆಂದು ಮಾತ್ರ ಆಕೆಗೆ ಹೊಳೆದಿರಲಿಲ್ಲ. ತನ್ನ ಕೈಯನ್ನೇ ಶಂಕಿಸಲು ಕಲಿತವರಿಗೆ ಸೀಸೆಯನ್ನು ಶಂಕಿಸುವ ಧೈರ್ಯ ಬೇಗ ಬಾರದು.

ಮರುದಿನ ಬೆಳಗಿನ ಬಸ್ಸಿಗೆ ಅವಳು ರಾಯಚೂರಿಗೆ ಹೊರಟಳು. ತಾಯಿ ಕಟ್ಟಿಕೊಟ್ಟ ಜೋಳದ ರೊಟ್ಟಿಯನ್ನು ಮರೆತಳೆಂದು ತಾತನೇ ನಿಲ್ದಾಣದವರೆಗೆ ಹಿಂದೆ ನಡೆದು ಕೊಟ್ಟುಬಂದರು.

ಹತ್ತು ದಿನಗಳಾದ ಮೇಲೆ ಫೋನು ಬಂದಿತು. ಹೊಸ ಸೀಸೆಯ ದ್ರವಕ್ಕೆ ಡೈಫೀನೈಲ್ ಫಾಸ್ಫೀನನ್ನು ಅಳೆದು ಕೆಲವೇ ತೊಟ್ಟು ಬೆರೆಸಿದಳಂತೆ. ಪಾತ್ರೆ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗಿತಂತೆ. ಬೆರೆಸದೆ ಇಟ್ಟ ಇನ್ನೊಂದು ಪಾತ್ರೆ ಬಣ್ಣಗೆಟ್ಟೇ ಉಳಿಯಿತಂತೆ.

“ನಿಮ್ಮ ಗುರುಗಳು ಏನಂದ್ರವ್ವಾ?”

“ಸೀಸೆಯ ಮೇಲಿನ ಸಂಖ್ಯೆ ಇನ್ನು ಮುಂದೆ ಪ್ರತಿಸಲ ಬರೆದಿಡು ಅಂದ್ರು, ತಾತಾ.”