ಅಂತರಗಂಗೆಗೆ ಯಾವ ಜೋಡು?

ಕೋಲಾರದ ಪಡುವಣ ದಿಕ್ಕಿಗೆ ಸುಮಾರು 3 ಕಿಲೋಮೀಟರಿನಲ್ಲಿರುವ ಶತಶೃಂಗ ಪರ್ವತವನ್ನು ದೂರದಿಂದ ನೋಡಿದವರಿಗೆ, ಯಾರೋ ಬಂಡೆಗಳನ್ನು ರಾಶಿ ಹೊಯ್ದು ಮರೆತುಹೋದಂತೆ ತೋರುವುದು. ಮೆಟ್ಟಿಲುಗಳನ್ನೇರಿ, ಕಲ್ಲಿನ ಬಸವನ ಬಾಯಿಂದ ಬೀಳುವ ಅಂತರಗಂಗೆಯನ್ನು ತಲೆಗೆ ಪ್ರೋಕ್ಷಿಸಿಕೊಂಡು ಹಿಂದಿರುಗುವವರಿಗೆ ಜೋಡಿನ ಚಿಂತೆಯಿಲ್ಲ, ಬರಿಗಾಲೇ ಸಾಕು. ಅದಕ್ಕೂ ಮೇಲೆ, ಬಂಡೆಗಳ ನಡುವಣ ಗವಿಗಳನ್ನು ನುಸುಳಬೇಕೆನ್ನುವ ವಾಚಕರು ಮಾತ್ರ ನಮ್ಮ ಮಾತನ್ನು ಸ್ವಲ್ಪ ಕೇಳಬೇಕು.

ಕಳೆದ ಮಾಘಮಾಸದಲ್ಲಿ ನಾವು ಐದು ಮಂದಿ ಹೊರಟೆವು. ಮಾಲೂರಿನ ನಮ್ಮ ಭಾವನವರು ಮದುವೆಯೊಂದಕ್ಕಾಗಿ ಕೊಂಡಿದ್ದ ತೊಗಲಿನ ಅಟ್ಟೆಯ ಬೂಟ್ಸನ್ನು ಮೆಟ್ಟಿದ್ದರು. ಹತ್ತುವಾಗ ಅದರಿಂದ ತೊಂದರೆಯಾಗಲಿಲ್ಲ. ನಮ್ಮನ್ನು ಹಿಂದೆ ಹಾಕಿ ಹಾಸ್ಯವನ್ನೂ ಮಾಡಿದರು. ಇಳಿಯುವಾಗ, ಬಂಡೆಯ ಮೇಲೆ ಉದುರಿದ್ದ ನೊರಜುಗಲ್ಲು ಕಾಲಡಿಯಲ್ಲಿ ರಾಗಿಯ ಕಾಳಿನಂತೆ ಉರುಳಿತು. ಭಾವನವರು ಎರಡು ಮಾರು ಜಾರಿ, ಒಂದು ಸಂದಿಯ ಅಂಚಿನಲ್ಲಿ ಹೇಗೋ ನಿಂತರು. ಆ ಸಂದಿಯ ಆಳವನ್ನು ನಾವು ಅಕ್ಕನಿಗೆ ಇಂದಿಗೂ ಹೇಳಿಲ್ಲ. ಅವಳು ಈ ಪುಟವನ್ನು ಓದಲಾರಳೆಂದು ನಂಬಿದ್ದೇವೆ.

ಜೋಡನ್ನು ಆರಿಸುವುದು ಏರಿಕೆಗಾಗಿ ಅಲ್ಲ, ಇಳಿಕೆಗಾಗಿ. ಇಳಿಯುವಾಗ ಮೈಭಾರವೆಲ್ಲ ಮುಂದಕ್ಕೆ ನೂಕಿ, ಬೆರಳುಗಳು ಜೋಡಿನ ಮೂತಿಗೆ ಬಡಿಯುತ್ತವೆ. ಆದಕಾರಣ, ಕಾಲು ಕೊಂಚ ಊದಿರುವ ಸಾಯಂಕಾಲದಲ್ಲಿ ಅಂಗಡಿಗೆ ಹೋಗಿ, ದಪ್ಪ ಕಾಲುಚೀಲದೊಡನೆ ಮೆಟ್ಟಿ ನೋಡಬೇಕು. ಹೆಬ್ಬೆರಳಿನ ಮುಂದೆ ಬೆರಳಗಲ ಎಡೆಯಿರಲಿ. ಅಟ್ಟೆ ರಬ್ಬರಿನದಾಗಿ ಗೀರುಗಳು ಆಳವಾಗಿರಬೇಕು. ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ತಲೆದೂಗುವುದು ವ್ಯರ್ಥ. ಅಂಗಡಿಯ ಮೆಟ್ಟಿಲನ್ನಾದರೂ ಇಳಿದು ನೋಡಿರಿ.

ಕಾಶ್ಮೀರದ ಗುಲ್ಮಾರ್ಗದಂತಹ ಹಿಮದ ನಾಡಿನಲ್ಲಿ ವಿಹರಿಸುವವರಿಗೆ ಒಂದು ಬಗೆಯ ಜಾರುಹಲಗೆಯುಂಟು. ಏರುವಾಗ ಅದನ್ನು ಉದ್ದಕ್ಕೆ ಎರಡು ಹೋಳಾಗಿ ಬಿಡಿಸಿ, ಹಿಂದಕ್ಕೆ ಜಾರದಂತೆ ಅಡಿಗೆ ಪಟ್ಟಿಗಳನ್ನು ಅಂಟಿಸಿ, ಕಾಲಿಗೊಂದರಂತೆ ಕಟ್ಟುವರು. ಇಳಿಯುವಾಗ ಪಟ್ಟಿ ಕಿತ್ತು, ಕೂಡಿಸಿ, ಒಂದೇ ಹಲಗೆಯ ಮೇಲೆ ನಿಲ್ಲುವರು. ನಮ್ಮ ಬಡ ಜೋಡಿಗೆ ಆ ಭಾಗ್ಯವಿಲ್ಲ. ಅದರ ದಾರವೊಂದೇ ನಮ್ಮ ಕೈಯಲ್ಲಿರುವುದು. ಏರುವಾಗ ಕಣಕಾಲಿನ ಬಳಿ ಸಡಿಲವಾಗಿರಲಿ. ಇಳಿಯುವ ಮುನ್ನ ಕುಳಿತು ಬಿಗಿಯಬೇಕು. ಭಾವನವರು ಕುಳಿತಿರಲಿಲ್ಲ.

ಮುಳಬಾಗಿಲು ಸೀಮೆಯ ಆವಣಿ ಬೆಟ್ಟಕ್ಕೆ ಬೇರೆ ಲೆಕ್ಕ. ಮೇಲೆ ಸೀತಮ್ಮನ ಗುಡಿಯಿರುವುದರಿಂದ, ಬೇಗನೆ ಕಳಚಬಹುದಾದ ಹಗುರ ಜೋಡೇ ಅಲ್ಲಿ ಲೇಸು. ಶ್ರೀನಿವಾಸಪುರದ ನಮ್ಮ ಸೋದರತ್ತೆಯವರಾದರೋ, ಎಪ್ಪತ್ತರ ಸಮೀಪದವರು, ಬಂಡೆಯನ್ನು ಬೆರಳುಗಳಿಂದಲೇ ಹಿಡಿಯುವಂತೆ ಹೆಜ್ಜೆಯಿಡುತ್ತ ಬರಿಗಾಲಿನಲ್ಲಿ ಏರಿ ಬರಿಗಾಲಿನಲ್ಲೇ ಇಳಿದರು. ಅವರು ಬಿಸಿಲೇರುವ ಮೊದಲೇ ಕೆಳಗಿದ್ದರು. ತಡವಾಗಿ ಹೊರಟ ನಮಗೆ ಬಂಡೆಯು ಕಾವಲಿಯಂತೆ ಕಾದಿತ್ತು.