ಮಗಳು ಕೊಂಡ ರಿವಾಲ್ವರ್

ಕುಕ್ಕರ್ ಮೂರು ಲೀಟರಿನದು ಸಾಕೇ, ಐದು ಲೀಟರಿನದು ಬೇಕೇ ಎಂದು ಮಗಳ ಜೊತೆ ಅಂಗಡಿಯಲ್ಲಿ ನಿಂತು ವಾದ ಮಾಡಿದ ತಾಯಂದಿರು ನಮ್ಮಲ್ಲಿ ಬೇಕಾದಷ್ಟು ಮಂದಿ. ರಿವಾಲ್ವರ್ ಚಿಕ್ಕದೋ ದೊಡ್ಡದೋ ಎಂದು ವಾದಿಸಿದವಳು ಬಹುಶಃ ನಾನೊಬ್ಬಳೇ ಇರಬೇಕು.

2022ರ ಚಳಿಗಾಲದಲ್ಲಿ ಟೆಕ್ಸಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯನಿಗೆ ರಾತ್ರಿ ಪಾಳಿ. ಒಂದು ನಡುರಾತ್ರಿ ಯಾರೋ ಹಿತ್ತಲ ಬಾಗಿಲನ್ನು ಜಗ್ಗಾಡಿದರು. ಪೊಲೀಸರು ಬರುವವರೆಗೆ ನಾವಿಬ್ಬರೂ ಐದು ವರ್ಷದ ಮಗುವನ್ನು ನಡುವೆ ಹಾಕಿಕೊಂಡು ಕೂತೆವು. ಮಾರನೆಯ ದಿನವೇ ಅವಳು ರಿವಾಲ್ವರ್ ಮಾತು ತೆಗೆದಳು. ನಾನು ಬೇಡ ಎಂದೆ. ಆಕೆ ಆ ದೇಶದ ಪ್ರಜೆ, ಸಂಸಾರಸ್ಥೆ. ನನ್ನ ಮಾತು ಎಷ್ಟು ನಡೆದೀತು?

ಅವಳ ಕಣ್ಣು ಇದ್ದದ್ದು .357 ಮ್ಯಾಗ್ನಮ್ ಮೇಲೆ. 1935ರಲ್ಲಿ ಬಂದ ಗುಂಡು ಅದು. ಹಳೆಯ .38 ಸ್ಪೆಷಲ್ ಗುಂಡಿನದೇ ದಪ್ಪ, ಆದರೆ ಬಲ ಬಹಳ ಹೆಚ್ಚು. ಹಳೆಯ ರಿವಾಲ್ವರಿಗೆ ತುಂಬಿ ಅನಾಹುತವಾಗದಿರಲೆಂದು ಅದರ ಕೊಳವೆಯನ್ನು ಬೇಕೆಂದೇ ಸುಮಾರು 3 ಮಿಲಿಮೀಟರ್ ಉದ್ದ ಮಾಡಿದರಂತೆ. ಹಾಗಾಗಿ ಮ್ಯಾಗ್ನಮ್ ರಿವಾಲ್ವರಿಗೆ .38 ಹಾಕಬಹುದು, .38ರದಕ್ಕೆ ಮ್ಯಾಗ್ನಮ್ ಹಿಡಿಸುವುದಿಲ್ಲ. ಯಾರೋ ಬುದ್ಧಿವಂತರು ಮಾಡಿದ ಕೆಲಸ.

ಅಂಗಡಿಯಲ್ಲಿ ಎರಡು ತೆಗೆದಿಟ್ಟರು. ರೂಗರ್ ಕಂಪನಿಯ ಎಲ್‌ಸಿಆರ್: ಐದು ಗುಂಡು, ಎರಡು ಅಂಗುಲಕ್ಕೂ ಗಿಡ್ಡ ನಳಿಗೆ, ತೂಕ ಅರ್ಧ ಕಿಲೋಗೂ ಕಡಿಮೆ. ಅದೇ ಕಂಪನಿಯ ಜಿಪಿ100: ಆರು ಗುಂಡು, ನಾಲ್ಕು ಅಂಗುಲದ ನಳಿಗೆ, ತೂಕ ಒಂದು ಕಿಲೋಗೂ ಮೇಲೆ. ಸುಲಿದ ಎರಡು ತೆಂಗಿನಕಾಯಿ ಎನ್ನಿ. ಮಗಳು ಚಿಕ್ಕದನ್ನು ಎತ್ತಿಕೊಂಡು, "ನೋಡಮ್ಮ, ವ್ಯಾನಿಟಿ ಬ್ಯಾಗಿನಲ್ಲೇ ಹಿಡಿಸುತ್ತೆ" ಎಂದಳು. ಹೆಂಗಸರಿಗೆ ಹಗುರವಾದದ್ದು ಚೆಂದ ಎಂದು ಯಾರು ಹೇಳಿಕೊಟ್ಟರೋ!

ಪಕ್ಕದಲ್ಲೇ ಗುರಿ ಅಭ್ಯಾಸದ ಜಾಗ. ಬಾಡಿಗೆಗೆ ಪಡೆದು ಹಾರಿಸಿ ನೋಡಬಹುದು. ವಿಸಿಟರ್ ವೀಸಾದ ನಾನು ಮುಟ್ಟುವಂತಿರಲಿಲ್ಲ. ಕಿವಿ ಮುಚ್ಚಿಕೊಂಡು ಗಾಜಿನ ಹಿಂದೆ ನಿಂತೆ. ಚಿಕ್ಕದರಲ್ಲಿ ಮೊದಲ ಮ್ಯಾಗ್ನಮ್ ಹಾರಿದಾಗ ಬೆಂಕಿಯ ಉಂಡೆಯೇ ಹೊರಬಂತು. ನಳಿಗೆ ಗಿಡ್ಡವಾದರೆ ಮದ್ದು ಒಳಗೇ ಉರಿದು ಮುಗಿಯುವುದಿಲ್ಲ. ಗುಂಡಿನ ವೇಗವೂ ಅಷ್ಟು ನಷ್ಟ. ಒದೆತ ಮಾತ್ರ ಪೂರ್ತಿ ಕೈಗೆ. ಎರಡನೆಯದಕ್ಕೆ ಅವಳು ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿದಳು. ಮೂರನೆಯದು ಗುರಿಯ ಕಾಗದವನ್ನೇ ತಾಕಲಿಲ್ಲ. ಐದು ಮುಗಿಸುವ ಧೈರ್ಯವಾಗದೆ ಕೆಳಗಿಟ್ಟು ಅಂಗೈ ಉಜ್ಜಿಕೊಂಡಳು.

ದೊಡ್ಡದು ಅದೇ ಮ್ಯಾಗ್ನಮ್ ಒದೆತವನ್ನು ತನ್ನ ತೂಕದಲ್ಲೇ ನುಂಗಿಕೊಂಡಿತು. ಆಮೇಲೆ ಅದಕ್ಕೆ .38 ಹಾಕಿಕೊಟ್ಟರು. ಆರಕ್ಕೆ ಆರೂ ಕಾಗದದ ನಡುವೆ ಬಿದ್ದವು.

"ಆದರೆ ಇದನ್ನು ಹೊತ್ತು ತಿರುಗೋದು ಹೇಗಮ್ಮ?"

"ನೀನು ಹೊತ್ತು ತಿರುಗಬೇಕಾ? ಬಾಗಿಲು ಜಗ್ಗಾಡಿದ್ದು ಮನೆಯಲ್ಲಿ ತಾನೇ?" ಎಂದೆ.

ಒಂದೇ ರಿವಾಲ್ವರ್ ಬ್ಯಾಗಿಗೂ ಆಗಬೇಕು, ಮನೆಗೂ ಆಗಬೇಕು ಎಂಬ ಆಸೆ ಅಲ್ಲಿಗೆ ಮುಗಿಯಿತು. ಫಾರಂ ತುಂಬಿ, ಸರ್ಕಾರಿ ತಪಾಸಣೆ ಮುಗಿಸಿ, ದೊಡ್ಡದನ್ನೇ ಕೊಂಡಳು. ಜೊತೆಗೆ .38 ಗುಂಡಿನ ಪೆಟ್ಟಿಗೆ. ಗೋಡೆಗೆ ತಿರುಪು ಹಾಕಿ ಕೂರಿಸುವ ಉಕ್ಕಿನ ಪೆಟ್ಟಿಗೆಯೂ ಅದೇ ದಿನ ಬರಬೇಕು, ಇಲ್ಲದಿದ್ದರೆ ರಿವಾಲ್ವರ್ ಹೊಸ್ತಿಲು ದಾಟಬಾರದು ಎಂದು ನಾನು ಹಟ ಹಿಡಿದೆ. ತಂದಳು. ಅಳಿಯ ಗೋಡೆಗೆ ತೂತು ಕೊರೆಯುವಾಗ ಮೊಮ್ಮಗ, "ಅಜ್ಜಿ, ಅದರೊಳಗೆ ಏನು?" ಎಂದು ಕೇಳಿದ. ಅವನ ಅಮ್ಮನೇ ಕೂರಿಸಿಕೊಂಡು ಹೇಳಿದಳು.

ರಾತ್ರಿ ಅವಳು ಬೀಗದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ನನಗೆ ಕೊಡಲು ಬಂದಳು. ಬೇಡ ಎಂದೆ.